ರೇಡಿಯೋದಾಕೆಗೆ ಅವ್ವ ಬರೆಸಿದ ಬೈಗುಳ

ನಮ್ಮ ಅವ್ವ ಬಾಯಿ ತುಂಬ ಯಾರನ್ನೂ ಹೊಗಳಿದವಳಲ್ಲ. ಪಕ್ಕದ ಮನೆಗೆ ಮಗು ನೋಡಲು ಹೋದರೆ, ತೊಟ್ಟಿಲಲ್ಲಿ ಗುಂಡುಗುಂಡಗೆ ಮಲಗಿದ ಕೂಸನ್ನು ಬಗ್ಗಿ ನೋಡಿ, "ಥೂ, ಇದೇನಮ್ಮಿ, ಕರ್ರಗೆ ಕೋತಿಮರಿ ಇದ್ದಂಗದ!" ಅನ್ನುತ್ತಿದ್ದಳು. ಮಗುವಿನ ತಾಯಿಯ ಮುಖ ಆಗ ಊರಗಲವಾಗುತ್ತಿತ್ತು. ನಮ್ಮೂರು ಉಡಿಗಾಲದಲ್ಲಿ ನಾವು ಇರುವುದೇ ಹೀಗೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂದುಬಿಟ್ಟರೆ ದೃಷ್ಟಿಯಾಗುತ್ತದೆ. ಹಾಗಾಗಿ ಬೈಯಬೇಕು. ಪ್ರೀತಿ ಹೆಚ್ಚಾದಷ್ಟೂ ಬೈಗುಳ ಹೆಚ್ಚು.

ಇದೆಲ್ಲ ಈಗ ಹೇಳಲು ಚೆಂದ. ಬೈಸಿಕೊಂಡು ಬೆಳೆದವಳಿಗೆ ಗೊತ್ತು ಅದರ ಉರಿ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದ ದಿನ ಅವ್ವ ಬೀದಿಯ ನಲ್ಲಿ ಹತ್ತಿರ ನಿಂತು, "ಇವಳೇನ್ ಕಡ್ದು ಕಟ್ಟೆ ಆಕ್ಬುಟ್ಲಾ? ಪಕ್ಕದೋಳ್ದು ನೋಡ್ಕಂಡು ಬರ್ದಿರ್ತಳ ಬುಡಿ" ಅಂದಳು. ನೀರು ಹಿಡಿಯುತ್ತಿದ್ದ ಹೆಂಗಸರೆಲ್ಲ ಸಂತೋಷದಿಂದ ನಕ್ಕರು. ನಾನು ಮನೆಗೆ ಬಂದು ಕೊಡವನ್ನು ಕುಕ್ಕಿದ ರಭಸಕ್ಕೆ ಅದರ ತಳ ಸೊಟ್ಟಗಾಯಿತು. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಅದೂ ಅವ್ವನ ಕಡೆಯಿಂದಲೇ.

ಅವ್ವನ ತವರು ಗುಂಡ್ಲುಪೇಟೆ ಕಡೆ. ಚೆಂಡುಹೂವಿನ ಕಾಲ ಬಂತೆಂದರೆ ಅಲ್ಲಿಗೆ ಹೋಗಿ ಹೂ ಕೊಯ್ಯುವ ಕೂಲಿಗೆ ಸೇರುತ್ತಿದ್ದಳು. ಕೇರಳದಿಂದ ಬರುವವರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಹೊಲಕ್ಕೇ ಇಳಿದು ಫೋಟೋ ತೆಗೆದುಕೊಂಡು, ಅವರ ಭಾಷೆಯಲ್ಲಿ ಏನೇನೋ ಹೊಗಳುತ್ತಿದ್ದರು. ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತು, "ನಾಳೀಕ್ ಬಾಡೋಯ್ತವ, ಓಗ್ರಪ್ಪ ಓಗಿ" ಎಂದು ಹೂವಿನ ಪರವಾಗಿ ಉತ್ತರ ಕೊಡುತ್ತಿದ್ದಳು.

ಇಂಥ ಅವ್ವ ಒಬ್ಬರ ಅಭಿಮಾನಿಯಾಗಿದ್ದಳು. ಸಿನಿಮಾದವರಲ್ಲ, ರೇಡಿಯೋದವರು. ಸಂಜೆ ಹೊತ್ತು ಒಬ್ಬ ಉದ್ಘೋಷಕಿ ಬಂದು, ಹಾಡಿನ ನಡುನಡುವೆ ಒಂದೆರಡು ಒಳ್ಳೆಯ ಮಾತಾಡುತ್ತಿದ್ದರು. ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಬರುತ್ತಲೇ, "ಕೇಳುಗರೆ, ನಿಮಗೆಲ್ಲರಿಗೂ ನಮಸ್ಕಾರ" ಅನ್ನುತ್ತಿದ್ದರು. ಅವ್ವ ಸೊಪ್ಪು ಸೋಸುತ್ತಿರಲಿ, ಒಲೆ ಊದುತ್ತಿರಲಿ, ತಲೆ ಎತ್ತಿ, "ನಮಸ್ಕಾರ ಕಣವ್ವ" ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಆ ಪೆಟ್ಟಿಗೆಗೆ ಕಿವಿ ಕೇಳಿಸುತ್ತದೆ ಅಂತಲೇ ತಿಳಿದಿದ್ದೆ.

ದೊಡ್ಡವಳಾದ ಮೇಲೆ ಒಮ್ಮೆ, "ಅವರಿಗೇನು ಕೇಳಿಸುತ್ತದಾ? ಯಾಕವ್ವ ಹಂಗೆ ಉತ್ತರ ಕೊಡ್ತೀಯ?" ಎಂದು ಆಡಿಕೊಂಡೆ. ಅವ್ವ ನಗಲಿಲ್ಲ. "ಈ ಊರ್ಗೆ ಮದ್ವೆಯಾಗ್ ಬಂದಾಗಿಂದ ಏ, ಬಾ, ಓಗು ಅನ್ನಿಸ್ಕಂಡೇ ಬಾಳಾಟ ಆಯ್ತು. ಅತ್ತೆ ಅಂಗೇ ಅಂದ್ರು, ಒಲದೋರೂ ಅಂಗೇ ಅಂದ್ರು. ನನ್ಗೆ ನಮಸ್ಕಾರ ಅಂದೋಳು ಆ ಯಮ್ಮ ಒಬ್ಳೇ ಕಣಮ್ಮಿ. ಅದೂ ನೀವು ಅಂತ" ಅಂದಳು. ನಾನು ಆಮೇಲೆ ಆ ವಿಷಯಕ್ಕೆ ತಮಾಷೆ ಮಾಡಲಿಲ್ಲ.

ನಾನು ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದ ಕಾಲ ಅದು, ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರುಗಳು ಬಂದಿದ್ದವು. ಈಗ ಮುಚ್ಚಿಹೋಗಿರುವ ಒಂದು ಜಾಲತಾಣದಲ್ಲಿ ಆಗ ನಾವೆಲ್ಲ ಇದ್ದೆವು. ಒಬ್ಬರ ಪುಟದಲ್ಲಿ ಇನ್ನೊಬ್ಬರು ಸ್ಕ್ರಾಪ್ ಅಂತ ಸಣ್ಣ ಸಂದೇಶ ಬರೆಯುವುದು, ಬೇಕಾದವರ ಹೆಸರಲ್ಲಿ ಕಮ್ಯುನಿಟಿ ಅಂತ ಗುಂಪು ಕಟ್ಟಿಕೊಳ್ಳುವುದು. ಹುಡುಕುತ್ತ ಹೋದರೆ ಅವ್ವನ ಉದ್ಘೋಷಕಿಗೂ ಒಂದು ಅಭಿಮಾನಿಗಳ ಕಮ್ಯುನಿಟಿ ಸಿಕ್ಕಿತು! ಬೆಂಗಳೂರು, ದುಬೈ ಅಂತ ಎಲ್ಲೆಲ್ಲಿಗೋ ಹೋಗಿ ನೆಲೆಸಿದವರು ಸಂಜೆಯ ಆ ದನಿಯನ್ನು ನೆನೆಸಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಮುದ್ದಾಡುತ್ತಿದ್ದರು. ಜೇನು, ಕೋಗಿಲೆ, ವೀಣೆ, ಯಾವುದನ್ನೂ ಬಿಟ್ಟಿರಲಿಲ್ಲ. ಮೇಡಂ ಕೂಡ ಆಗಾಗ ಬಂದು ಓದುತ್ತಾರೆ ಎಂದು ಅಲ್ಲೇ ಬರೆದಿತ್ತು. ನಾನೂ ಕುಣಿದಾಡಿಕೊಂಡು ಸೇರಿದೆ. ಎದೆಯಲ್ಲಿದ್ದದ್ದನ್ನು ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಬಹುದು ಅನ್ನುವುದೇ ನನಗೆ ಹೊಸ ರುಚಿ. "ಮೇಡಂ, ನಿಮ್ಮ ದನಿ ಕೇಳದಿದ್ದರೆ ನಮ್ಮ ಮನೆಯಲ್ಲಿ ಸಂಜೆಯೇ ಆಗುವುದಿಲ್ಲ" ಎಂದು ಬರೆದೆ.

ಆ ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಉದ್ಘೋಷಕಿಗೆ ಗಂಟಲು ಕಟ್ಟಿತು, ಗೊಗ್ಗರು ದನಿಯಲ್ಲೇ ಕಾರ್ಯಕ್ರಮ ನಡೆಸಿದರು. ಹಾಗೆ ನಡೆಸುತ್ತಲೇ, ಈ ತಿಂಗಳ ಕೊನೆಗೆ ತಮಗೆ ನಿವೃತ್ತಿ ಎಂದೂ ಹೇಳಿದರು. ಅವ್ವ ಕೈಯಲ್ಲಿದ್ದ ಮುದ್ದೆ ಕೋಲನ್ನು ಹಾಗೇ ಹಿಡಿದು ಕುಳಿತಳು. ಸಮಾಧಾನವಾಗಲಿ ಎಂದು ನಾನು ಕಮ್ಯುನಿಟಿಯ ಸುದ್ದಿ ಹೇಳಿ, ಯಾರು ಯಾರು ಏನೇನು ಹೊಗಳಿದ್ದಾರೆ ಎಂದು ಒಪ್ಪಿಸಿದೆ.

ಅವ್ವ ಎದೆ ಬಡಿದುಕೊಂಡಳು. "ಅಯ್ಯೋ ನಿಮ್ ಮನೆ ಕಾಯ್ವೋಗಾ! ಇಂಗೆಲ್ಲ ಬಾಯ್ಬುಟ್ಟು ಒಗಳ್ತರಾ? ಅದೂ ಊರ್ಗೆಲ್ಲ ಕಾಣಂಗೆ? ಅದ್ಕೇ ಕಣಮ್ಮಿ ಆ ಯಮ್ಮಂಗೆ ಗಂಟ್ಲು ಕಟ್ಟಿರದು! ನೀನೂ ಬರ್ದಾ?"

"ಬರ್ದೆ."

"ಬರೀತಳಂತೆ, ದೊಡ್ಡ ಪಂಡಿತೆ! ನಾಳೆ ನಾನೇಳ್ದಂಗೆ ಬರಿ. ಒಂದಕ್ಸರ ಎಚ್ಚು ಕಮ್ಮಿ ಆಗ್ಬಾರ್ದು. ಓಗಕ್ ಮುಂಚೆ ಆ ಯಮ್ಮಂಗೆ ನನ್ ಮಾತು ಮುಟ್ಬೇಕು."

ಮಾರನೇ ದಿನ ನಾನು ಕಮ್ಯುನಿಟಿಯಲ್ಲಿ ಬರೆದೆ, ಒಂದಕ್ಷರ ಬಿಡದೆ: "ಏ ಕಾಗೆ ಗಂಟಲೋಳೆ, ದಿನಾ ಸಂಜೆ ಬಂದು ನನ್ ತಲೆ ತಿಂದ್ಯಲ್ಲ, ನಿನ್ಗೇನ್ ಬ್ಯಾರೆ ಕೆಲ್ಸ ಇರ್ನಿಲ್ವಾ? ನಿನ್ ಮಾತ್ ಕೇಳ್ತ ಎಷ್ಟು ಸಾರು ಸೀಸ್ಬುಟ್ಟೆ ನಾನು. ಈಗ ಓಯ್ತೀನಿ ಅಂತೀಯ. ಓಗು, ನಿನ್ನ ಯಾರ್ ಇಡ್ಕಂಡಿದ್ದರು? ಕೆಲ್ಸಕ್ ಬಾರ್ದೋಳೆ, ಬಿಸ್ನೀರು ಕುಡ್ದು ಬೆಚ್ಚಗಿರು." ಕೆಳಗೆ, "ಉಡಿಗಾಲದಿಂದ ಅವ್ವ" ಎಂದು ಹಾಕಿದೆ. ಟೈಪು ಮಾಡುವಾಗ ನನಗೆ ಕಣ್ಣು ಮಂಜಾಯಿತು. ಅವ್ವ ಯಾರಿಗೂ ಇಷ್ಟು ಬೈದದ್ದನ್ನು ನಾನು ಕೇಳಿರಲಿಲ್ಲ. ಓದಿದವರಿಗೆಲ್ಲ ಹೀಗೇ ಅನ್ನಿಸುತ್ತದೆ ಎಂದು ನಂಬಿ, ಅದರ ಹಿಂದೆ ಮುಂದೆ ಒಂದು ಮಾತೂ ಸೇರಿಸದೆ, ಬಸ್ಸು ಹತ್ತಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಹೋಗಿ ನೋಡಿದರೆ ನನ್ನ ಪುಟದ ತುಂಬ ಬೆಂಕಿ. "ಯಾರೀ ಹುಚ್ಚಿ?" "ದೊಡ್ಡವರಿಗೆ ಮಾತಾಡೋ ರೀತಿನಾ ಇದು?" "ಹಳ್ಳಿ ಗಮಾರರು." ಕಮ್ಯುನಿಟಿ ನಡೆಸುವವನು ಅವ್ವನ ಮಾತನ್ನು ಅಳಿಸಿ, ನನ್ನನ್ನೂ ಹೊರಗೆ ಹಾಕಿದ್ದ. ನನಗೆ ಬಂದ ಸಿಟ್ಟಿಗೆ ಸೈಬರಿನ ಕೀಬೋರ್ಡು ಉಳಿದದ್ದೇ ಹೆಚ್ಚು. ಒಬ್ಬೊಬ್ಬರಿಗೂ ಉತ್ತರ ಬರೆಯಲು ಹೊರಟೆ. ಬರೆದದ್ದೆಲ್ಲ ಅವ್ವನ ಬೈಗುಳದ ಹಾಗೇ ಬರತೊಡಗಿತು, ಆದರೆ ಪ್ರೀತಿ ಇರಲಿಲ್ಲ. ಅಳಿಸಿ ಎದ್ದುಬಂದೆ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವ್ವ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳ ದನಿ ಇಳಿದುಹೋಯಿತು. "ನಾನು ಬೈದೆ ಅಂದ್ಕಂಡ್ರಾ? ದಿಟವಾಗ್ಲೂ?" ಅಂದಳು. ಆಮೇಲೆ, "ಮಿಕ್ಕೋರ್ ಮನೆ ಆಳಾಗ. ಆ ಯಮ್ಮ ಏನ್ ತಿಳ್ಕಂಡ್ಳೋ" ಅಂದಳು. ಆ ಸಂಜೆ ಅವ್ವ ರೇಡಿಯೋ ಹಾಕಲಿಲ್ಲ. ನಾನೇ ಎದ್ದು ಹಾಕಲು ಹೋದರೆ, "ಬ್ಯಾಡ ಬುಡು. ಯಾವ್ ಮಕ ಇಟ್ಕಂಡು ನಮಸ್ಕಾರ ಅನ್ನದು" ಎಂದು ತಡೆದಳು. ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ ಅಷ್ಟೆ. ತಿಂಗಳು ಮುಗಿಯುತ್ತ ಬಂದಿತ್ತು. ಇಷ್ಟು ವರ್ಷದ ಋಣ ಹೀಗೆ ಕೆಟ್ಟ ಹೆಸರಲ್ಲಿ ಮುಗಿಯುತ್ತದಲ್ಲ ಎಂದು ನಾನು ದಿನ ಎಣಿಸುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನ, ಮನಸ್ಸು ತಡೆಯದೆ ಮತ್ತೆ ಸೈಬರಿಗೆ ಹೋದೆ. ಬೈಗುಳಗಳ ಮೇಲೆ ಒಂದು ಹೊಸ ಸ್ಕ್ರಾಪು ಕುಳಿತಿತ್ತು. ಹೆಸರು ನೋಡಿ ಕುರ್ಚಿ ಮುಂದಕ್ಕೆಳೆದುಕೊಂಡೆ. ಉದ್ಘೋಷಕಿಯೇ ಬರೆದಿದ್ದರು: "ಅವರು ಅಳಿಸುವ ಮೊದಲೇ ನಿಮ್ಮ ಅವ್ವನ ಮಾತು ಓದಿದೆ. ನಾನೂ ನಿಮ್ಮ ಕಡೆಯ ಉಮ್ಮತ್ತೂರಿನವಳು. ನನ್ನ ಅವ್ವ ಹೋದಮೇಲೆ ನನ್ನನ್ನು ಯಾರೂ ಹೀಗೆ ಬೈದಿರಲಿಲ್ಲ. ಬಿಸಿನೀರು ಕುಡಿಯುತ್ತಿದ್ದೇನೆ, ಗಂಟಲು ಬಿಟ್ಟಿದೆ ಎಂದು ಹೇಳಿ. ಇವತ್ತು ಸಂಜೆ ಕೇಳಲು ಹೇಳಿ."

ಎದ್ದೆನೋ ಬಿದ್ದೆನೋ ಎಂದು ಬಸ್ ಸ್ಟ್ಯಾಂಡಿಗೆ ಓಡಿದೆ. ಉಡಿಗಾಲದಲ್ಲಿ ಇಳಿದವಳು ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಓಡಿದೆ. "ಅವ್ವಾ, ಉಮ್ಮತ್ತೂರಂತೆ! ನಿನ್ ಮಾತು ಮುಟ್ಟಿದೆಯಂತೆ!" ಎಂದು ಬಾಗಿಲಲ್ಲೇ ಕೂಗಿದೆ. ಪೂರ್ತಿ ಕೇಳಿಸಿಕೊಂಡ ಅವ್ವ, "ಉಮ್ಮತ್ತೂರಾ! ನಮ್ ಕಡೇ ಉಚ್ಚಿನೇ ಇರ್ಬೇಕು ಅಂತ ಅಂದ್ಕಂಡೆ ಕಣ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ತಾನೇ ಹೋಗಿ ರೇಡಿಯೋ ಹಾಕಿದಳು.

"ಕೇಳುಗರೆ, ನಿಮಗೆಲ್ಲರಿಗೂ ನಮಸ್ಕಾರ."

"ನಮಸ್ಕಾರ ಕಣವ್ವ" ಅಂದಳು ಅವ್ವ, ಯಾವತ್ತಿಗಿಂತ ಜೋರಾಗಿ.

ಕಾರ್ಯಕ್ರಮ ಎಂದಿನಂತೆ ನಡೆಯಿತು. ಹಾಡುಗಳು ಬಂದವು, ಎರಡು ಒಳ್ಳೆಯ ಮಾತು ಬಂದವು. ಕೊನೆಗೆ ಉದ್ಘೋಷಕಿ ಎಲ್ಲರಿಗೂ ವಂದನೆ ಹೇಳಿದರು. ಆಮೇಲೆ, ಅಷ್ಟು ವರ್ಷ ಪುಸ್ತಕದ ಕನ್ನಡ ಬಿಟ್ಟು ಅತ್ತಿತ್ತ ಸರಿಯದ ಆ ದನಿ, "ಓಗ್ಬುಟ್ಟು ಬತ್ತೀನಿ ಕಣವ್ವ" ಅಂದಿತು.

ಅವ್ವ ರೇಡಿಯೋದ ಮೇಲೆ ಕೈಯಿಟ್ಟಳು. ಬೇರೆ ಯಾರದೋ ದನಿ ಶುರುವಾಗಿತ್ತು, ಅದು ಅವಳಿಗೆ ಬೇಕಿರಲಿಲ್ಲ. "ಬಾಳ ಚೆಂದಾಗ್ ಮಾತಾಡ್ದೆ ಕಣವ್ವ" ಅಂದಳು, ಮೆಲ್ಲಗೆ, ಒಂದೊಂದೇ ಮಾತಾಗಿ. "ಚಿನ್ನದಂಥ ಗಂಟ್ಲು ನಿಂದು. ನನ್ ಬಾಳಾಟಕ್ಕೆ ನೀನ್ ಆಗ್ಬಂದೆ."

"ಒಗಳ್ಬುಟ್ಟಲ್ಲವ್ವ! ದೃಷ್ಟಿಯಾಗಲ್ವಾ?"

"ಇನ್ನೇನ್ ದೃಷ್ಟಿ? ಮಾಡಾ ಕೆಲ್ಸ ಮುಗ್ಸಿ, ಗೆದ್ದು ಮನೆಗೋದ್ಲು. ಇನ್ ಯಾರ್ ಕಣ್ಣೂ ತಾಕಲ್ಲ."

ಇದೇ ಸಮಯ ಎಂದು ನಾನೂ ಕೇಳಿಬಿಟ್ಟೆ. ಎಸ್ಸೆಸ್ಸೆಲ್ಸಿಯಿಂದ ಒಳಗೇ ಇಟ್ಟುಕೊಂಡಿದ್ದ ಮಾತು. "ಹಂಗಾದ್ರೆ ನನ್ನ ಯಾವಾಗ ಒಗಳ್ತೀಯ?"

ಅವ್ವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮಣ್ಣು ಮೆತ್ತಿದ ಬರಿಗಾಲು, ಕೆದರಿದ ಜಡೆ, ಕೈಯಲ್ಲಿ ಇನ್ನೂ ಹಿಡಿದೇ ಇದ್ದ ಚಪ್ಪಲಿ.

"ನಿಂದಿನ್ನೂ ಸುರುವೇ ಆಗಿಲ್ಲ ಕಣಮ್ಮಿ, ನಿನ್ನ ಒಗಳಿ ಕಣ್ಣಾಕ್ಬುಡ್ಲಾ? ನಿನ್ನಂತ ಕರಿ ಮೂತಿ, ಕೆಲ್ಸಗೇಡಿ, ದಂಡಪಿಂಡ ಈ ಸೀಮೆಲೇ ಉಟ್ಟಿಲ್ಲ. ಓಗು, ಮುದ್ದೆಗೆ ಎಸರಿಡು."

ನಾನು ಎಸರಿಟ್ಟೆ. ಆ ಸಂಜೆ ನನ್ನಷ್ಟು ಹೊಗಳಿಸಿಕೊಂಡವರು ಉಡಿಗಾಲದಲ್ಲಿ ಇನ್ನೊಬ್ಬರಿರಲಿಲ್ಲ.