ಚೀಟಿ ಅಕ್ಕನ ಭಯ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಚೀಟಿ ಅಕ್ಕ ಎನ್ನುತ್ತಿದ್ದರು. ಬಾಟಲಿ, ಡಬ್ಬ, ಪೊಟ್ಟಣ, ಏನೇ ಕೈಗೆ ಬರಲಿ, ಅಂಟಿಸಿದ ಚೀಟಿಯನ್ನು ಎರಡು ಸಲ ಓದದೆ ಯಾರಿಗೂ ದಾಟಿಸುತ್ತಿರಲಿಲ್ಲ. ಜನ ನಗುತ್ತಿದ್ದರು. ಅದರ ಹಿಂದಿದ್ದ ಭಯ ಅಲ್ಲಿ ಹಿರಿಯ ನರ್ಸ್ ಒಬ್ಬಳಿಗೇ ಗೊತ್ತಿತ್ತು.

ಮೂವತ್ತೆಂಟನೇ ವಯಸ್ಸಿನವರೆಗೆ ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ವಾರ್ಡಿನ ಆಯಾ ಕೆಲಸಕ್ಕೆ ಬಾಟಲಿಯ ಬಣ್ಣ ನೋಡಿದರೆ ಸಾಕು ಎಂದುಕೊಂಡಿದ್ದಳು. ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸುವ ಔಷಧಿಯೆಂದು ಅದೇ ಬಣ್ಣದ ನೆಲ ಒರೆಸುವ ದ್ರಾವಣವನ್ನು ಲೋಟಕ್ಕೆ ಬಗ್ಗಿಸಿ ಒಬ್ಬ ಮುದುಕನಿಗೆ ಕೊಟ್ಟಳು. ಲೋಟ ತುಟಿಗೆ ತಾಗುವಷ್ಟರಲ್ಲಿ ಆ ಹಿರಿಯ ನರ್ಸ್ ಓಡಿಬಂದು ಕಿತ್ತುಕೊಂಡಳು.

"ಯಾರಿಗೂ ಹೇಳಲ್ಲ. ಆದ್ರೆ ಓದೋದು ಕಲಿ."

 ಅಕ್ಕ ಅಂದೇ ನಾದಿನಿಯ ಮುಂದೆ ಸ್ಲೇಟು ಹಿಡಿದು ಕುಳಿತಳು.

"ಹೊಟ್ಟೆ ಸೀಳಿದ ಷ ಬರೆಯೋಕೆ ಇಷ್ಟು ನಡುಗ್ತೀರಲ್ಲ ಅತ್ತಿಗೆ! ನಾನೇನು ಆಪರೇಷನ್ ಮಾಡಿ ಅಂದ್ನಾ?"

"ಔಷಧಿಲೂ ಅದೇ ಷ, ವಿಷದಲ್ಲೂ ಅದೇ ಷ ಕಣೇ. ನಡುಗದೆ ಇನ್ನೇನು ಮಾಡ್ಲಿ?"

ಎರಡು ವರ್ಷಕ್ಕೆ ಪತ್ರಿಕೆ ಓದಿದಳು. ಆಮೇಲೆ ಇಂಗ್ಲಿಷ್ ಅಕ್ಷರ. ಆಮೇಲೆ ನರ್ಸಿಂಗ್ ವಿದ್ಯಾರ್ಥಿನಿಯರು ಬಿಟ್ಟುಹೋದ ಹರಕು ಪುಸ್ತಕ, ಪಕ್ಕದಲ್ಲಿ ನಿಘಂಟು, ದಿನಕ್ಕೆ ಅರ್ಧ ಪುಟ. ಓದಿದಷ್ಟೂ ಭಯ ಹೆಚ್ಚಿತು. ಮೊದಲು ಬರೀ ಬಣ್ಣಬಣ್ಣದ ಬಾಟಲಿಗಳಿದ್ದ ಕಡೆ ಈಗ ಕೈಯಿಟ್ಟಲ್ಲೆಲ್ಲ ಯಾರದೋ ಜೀವ ಕಾಣತೊಡಗಿತು.

ಐವತ್ತೇಳನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಜ್ವರದ ಹುಡುಗಿಯೊಬ್ಬಳ ಮಂಚದ ಪಕ್ಕ ಟ್ರೇ ಹಿಡಿದು ನಿಂತಿದ್ದಳು. ಇಂಜೆಕ್ಷನ್ ಪುಡಿ ಕರಗಿಸಲು ಹೊಸ ಡಾಕ್ಟರು ನೀರೆಂದುಕೊಂಡು ಒಂದು ಸಣ್ಣ ಸೀಸೆಯಿಂದ ಸಿರಿಂಜಿಗೆ ಎಳೆದರು. ಪುಡಿ ಕರಗಿತು. ಖಾಲಿ ಸೀಸೆ ಟ್ರೇಗೆ ಬಿತ್ತು. ಅಕ್ಕ ಚೀಟಿ ಓದಿದಳು. ಪೊಟ್ಯಾಸಿಯಂ. ಅದು ನೇರವಾಗಿ ರಕ್ತಕ್ಕೆ ಹೋದರೆ ಹೃದಯ ನಿಲ್ಲುತ್ತದೆ ಎಂದು ಆ ಹರಕು ಪುಸ್ತಕದಲ್ಲಿತ್ತು.

ಕಣ್ಣೇ ಮೋಸ ಮಾಡಿದ್ದರೆ? ಕೆಲಸ ಹೋದರೆ?  ಸೂಜಿ ಹುಡುಗಿಯ ತೋಳಿನ ರಕ್ತನಾಳದ ಹತ್ತಿರ ಬಂತು. ಅಕ್ಕ ಟ್ರೇಯನ್ನು ಮಂಚದ ಮೇಲೆ ಬಿಸಾಕಿ ಡಾಕ್ಟರ ಮಣಿಕಟ್ಟನ್ನೇ ಹಿಡಿದಳು.

"ಏನಮ್ಮಾ ಇದು? ಕೈ ಬಿಡು!"

"ಬಿಡಲ್ಲ. ಮೊದಲು ಈ ಸೀಸೆ ಓದಿ ಸಾರ್."

ಓದಿದ ಡಾಕ್ಟರು ಸಿರಿಂಜನ್ನು ಕೆಳಗಿಟ್ಟರು. ಸ್ಟೂಲಿನ ಮೇಲೆ ಕುಸಿದು ಕುಳಿತರು. ಇಂಜೆಕ್ಷನ್ ನೀರಿನ ಸೀಸೆಗಳ ಪೆಟ್ಟಿಗೆಯಲ್ಲಿ ಅಂಥವೇ ಇನ್ನೆರಡು ಪೊಟ್ಯಾಸಿಯಂ ಸೀಸೆಗಳು ಸಿಕ್ಕವು. ಹುಡುಗಿ ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದಳು.

ಮರುವಾರ ಡಾಕ್ಟರು ತಮ್ಮ ದಪ್ಪ ಔಷಧಿ ಪುಸ್ತಕವನ್ನೇ ತಂದುಕೊಟ್ಟರು. ಅಕ್ಕ ನಿವೃತ್ತಳಾಗಿ ಈಗ ಆರು ವರ್ಷ. ಆ ಪುಸ್ತಕದ ಸಾವಿರದ ಇನ್ನೂರ ಹನ್ನೆರಡನೇ ಪುಟದಲ್ಲಿದ್ದಾಳೆ.

"ಈಗಲಾದ್ರೂ ಭಯ ಹೋಯ್ತಾ ಅತ್ತಿಗೆ?" ಎಂದು ನಾದಿನಿ ಕೇಳುತ್ತಾಳೆ.

"ಎಲ್ಲಿ ಹೋಗುತ್ತೆ? ಇನ್ನೂ ಅರ್ಧ ಪುಸ್ತಕ ಬಾಕಿ ಇದೆ," ಎಂದು ಅಕ್ಕ ಕನ್ನಡಕ ಏರಿಸಿಕೊಳ್ಳುತ್ತಾಳೆ.