ಲಾಯಲ್ ಎಂಬ ಮಾತಿಗೊಂದು ಪಾಟೀಸವಾಲು

ಕೋವಿಡ್ ಮುಗಿದ ಮರುವರ್ಷ. ಬಸವಕಲ್ಯಾಣದಲ್ಲಿ ನಾನು ವಕೀಲಿ ಹಿಡಿದು ಬಹಳ ವರ್ಷಗಳಾಗಿದ್ದವು. ಹೆಚ್ಚಾಗಿ ಕಾರ್ಮಿಕರ ಕೇಸುಗಳು. ದುಬಲಗುಂಡಿಯ ಇರ್ಫಾನ್ ಬಂದು, ಹುಮನಾಬಾದಿನ ಬೇಳೆ ಗಿರಣಿಯವರು ತನ್ನನ್ನು ಕೆಲಸದಿಂದ ತೆಗೆದಿದ್ದಾರೆ ಎಂದ. ಗಿರಣಿಯ ಹೆಸರು ಕೇಳಿದ್ದೇ ನನ್ನ ಹಳೆಯ ಕಿಚ್ಚು ಎದ್ದಿತು. ನಾನು ಚಿಕ್ಕವಳಿದ್ದಾಗ ಅಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಅಪ್ಪನನ್ನು ಇದೇ ಮಾಲೀಕರು ‘ನಮಕ್‌ಹರಾಮ್’ ಎಂದು, ಉಂಡ ಉಪ್ಪಿಗೆ ದ್ರೋಹ ಬಗೆದವನೆಂದು ಬೈದು ಹೊರಗೆ ಹಾಕಿದ್ದರು. ಜೊತೆಗಾರನ ಕೈ ಯಂತ್ರಕ್ಕೆ ಸಿಕ್ಕಾಗ ಅಪ್ಪ ಪೊಲೀಸರಿಗೆ ಇದ್ದದ್ದನ್ನು ಹೇಳಿದ್ದ, ಅಷ್ಟೇ. ಸಾಯುವವರೆಗೂ ಆ ಬೈಗುಳ ಅವನನ್ನು ಕೊರೆಯಿತು.

ತೊಗರಿ ಬೇಳೆಗೆ, ಮಾರಾಟಕ್ಕೆ ನಿಷೇಧವಿರುವ ಅಗ್ಗದ ಕೇಸರಿ ಬೇಳೆ ಬೆರೆಸುತ್ತಿದ್ದುದನ್ನು ಇರ್ಫಾನ್ ಆಹಾರ ಇಲಾಖೆಗೆ ತಿಳಿಸಿದ್ದ. ಅಧಿಕಾರಿಗಳು ಬರುವಷ್ಟರಲ್ಲಿ ಮಾಲು ಮಾಯವಾಗಿತ್ತು. ಸುಳ್ಳು ದೂರಿನ ಆರೋಪ ಅವನ ಮೇಲೇ ಬಿತ್ತು. ಬೇರೆ ಗಿರಣಿಗಳೂ ಅವನನ್ನು ಒಳಗೆ ಬಿಡಲಿಲ್ಲ. ಈ ಕೇಸು ಸೋತರೆ ಅವನಿಗೆ ಹುಮನಾಬಾದಿನಲ್ಲಿ ಕೆಲಸವೇ ಸಿಗುವಂತಿರಲಿಲ್ಲ.

ಕಲಬುರಗಿಯ ಕಾರ್ಮಿಕ ನ್ಯಾಯಾಲಯದಲ್ಲಿ ಗಿರಣಿಯ ಮ್ಯಾನೇಜರ್ ಸಾಕ್ಷಿಕಟ್ಟೆ ಹತ್ತಿದರು. ಬೆರಕೆ ನಡೆದೇ ಇಲ್ಲ, ಈ ಹುಡುಗ ಲಾಯಲ್ ಅಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ ಪಾಟೀಸವಾಲು ಎನ್ನುತ್ತೇವೆ. ನನ್ನ ಸರದಿ ಬಂದಾಗ ಬೇಕೆಂದೇ ಮೆತ್ತಗೆ, ಲಾಯಲ್ ಅಂದರೇನು ಎಂದು ಕೇಳಿದೆ. ಅವರು ಉಬ್ಬಿಹೋದರು. ಹೊಸ ಆಳು ಬಂದಾಗ ಮಾಲೀಕರು ಅಂಗೈಯಲ್ಲಿ ಉಪ್ಪು ಇಟ್ಟು ತಿನ್ನಿಸಿ ಆಣೆ ಮಾಡಿಸುವ ಪದ್ಧತಿಯನ್ನು ಹೆಮ್ಮೆಯಿಂದ ಬಣ್ಣಿಸಿದರು.

“ಏನಂತ ಆಣೆ ಮಾಡಸ್ತೀರಿ?” ಎಂದೆ.

“ಬ್ಯಾಳ್ಯಾಗ ಏನ್ ಕೂಡಸ್ತೀವಿ ಅನ್ನೋದು ಹೊರಗ ಹೋಗಬಾರದು ಅಂತರಿ ಮೇಡಂ. ಇವ ಉಪ್ಪು ತಿಂದೂ ಹೇಳ್ಯಾನ್ರಿ.”

ಅವರ ವಕೀಲರು ತಲೆ ತಗ್ಗಿಸಿದರು. ನ್ಯಾಯಾಧೀಶರು ಆ ಮಾತನ್ನು ಹಾಗೇ ಬರೆಸಿಕೊಂಡರು.

ಅಲ್ಲಿಗೆ ಬಿಡಬಹುದಿತ್ತು, ನನಗೆ ಮನಸ್ಸಾಗಲಿಲ್ಲ. ಲಾಯಲ್ ಎಂಬ ಶಬ್ದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್ನಿನ ‘ಲೆಗಾಲಿಸ್’ನಿಂದ, ಅಂದರೆ ಕಾನೂನಿಗೆ ಸಂಬಂಧಿಸಿದ್ದು, ಲೀಗಲ್ ಎಂಬುದು ಅದರ ಒಡಹುಟ್ಟು ಎಂದು ವಾದದಲ್ಲಿ ಬಿಡಿಸಿ ಹೇಳಿದೆ. ಆ ಲೆಕ್ಕಕ್ಕೆ ಗಿರಣಿಯಲ್ಲಿ ಲಾಯಲ್ ಆಗಿದ್ದವನು ಇರ್ಫಾನ್ ಒಬ್ಬನೇ ಎಂದೆ. ಹಿಂದೆ ಕೂತಿದ್ದ ಮುದಿ ಮಾಲೀಕರ ಮುಖ ನೋಡುತ್ತಲೇ ಹೇಳಿದೆ. ಬಹಳ ಸುಖವಾಯಿತು.

ಇರ್ಫಾನನಿಗೆ ಕೆಲಸ ವಾಪಸ್ ಕೊಡಬೇಕೆಂದು ತೀರ್ಪು ಬಂತು. ಅಂದು ಮಾಲೀಕರು ಹೊರಗೆ ನನ್ನನ್ನು ತಡೆದು, ತಮ್ಮ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಿದರು. ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಅಪ್ಪನ ಹೆಸರು ಹೇಳಿದೆ.

ಅವರು ನಿಜವಾಗಿಯೂ ಯೋಚಿಸಿದರು. “ಅಂವ ಯಾರ್ರಿ?” ಎಂದರು.

ಇರ್ಫಾನ್ ಕೆಲಸಕ್ಕೆ ಹೋದ. ನನ್ನ ಕಿಚ್ಚು ಆರಲಿಲ್ಲ. ಬೈದವರು ಮರೆತೇ ಬಿಟ್ಟಿರುತ್ತಾರೆ ಎಂಬುದನ್ನು ವಕೀಲಿ ನನಗೆ ಕಲಿಸಿದ್ದು ಅವತ್ತೇ.