ಹಳ್ಳದ ಸಪ್ಪಳ ನಿಂತಾಗ

ದೂರಶಿಕ್ಷಣದಲ್ಲಿ ಬಿ.ಎಡ್. ಓದುತ್ತಿದ್ದ ವರ್ಷ, ಬೋಧನಾಭ್ಯಾಸಕ್ಕೆಂದು ಹಳಿಯಾಳದಿಂದ ಜೋಯಿಡಾದ ಕಾಡಂಚಿನ ಪ್ರೌಢಶಾಲೆಯೊಂದಕ್ಕೆ ಹೋಗುತ್ತಿದ್ದೆ. ಶಾಲೆಯ ಹಿಂದೆಯೇ ಹಳ್ಳ. ಆಚೆ ದಂಡೆಯ ಮಕ್ಕಳು ಮರದ ಕಾಲುಸಂಕ ದಾಟಿ ಬರುತ್ತಿದ್ದರು. ಅವರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ಕೊಂಕಣಿ ಆಡುವವಳು. ನಾನು ಬಂದು ವಾರವಾದರೂ ಅವಳು ತರಗತಿಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಅಂದು ನನ್ನ ಪಾಠಕ್ಕೆ ಅಂಕ ಕೊಡಲು ಅಧ್ಯಯನ ಕೇಂದ್ರದಿಂದ ಮಾರ್ಗದರ್ಶಕರು ಬಂದಿದ್ದರು. ಕೊನೆಯ ಅವಧಿ, ವಿಜ್ಞಾನದಲ್ಲಿ ಘರ್ಷಣೆಯ ಪಾಠ. ಮೂರು ದಿನದ ಮಳೆ ಆಗಷ್ಟೇ ಬಿಟ್ಟಿತ್ತು. ಹೊರಗೆ ಏನೋ ಸರಿಯಿಲ್ಲವೆನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ.

ಆ ಹುಡುಗಿ ಅಳುಕುತ್ತ ಎದ್ದು ನಿಂತಳು.

"ಟೀಚರ್, ಹಳ್ಳದ ಸಪ್ಪಳ ನಿಂತೈತ್ರಿ."

ಕಿವಿಗೊಟ್ಟೆ. ಹೌದು, ಬೆಳಿಗ್ಗೆ ಭೋರ್ಗರೆಯುತ್ತಿದ್ದ ಹಳ್ಳ ಸುಮ್ಮನಾಗಿತ್ತು.

"ಮಳಿ ಬಿಟ್ಟೈತಲ್ಲ, ಅದಕ್ಕ," ಎಂದೆ.

"ಅಲ್ರಿ. ಮ್ಯಾಲೆ ಎಲ್ಲೋ ಮರ ಬಿದ್ದು ನೀರು ತಡದೈತಿ. ಆ ಮರ ಸರಿದಾಗ ನೀರು ಒಮ್ಮೆಲೇ ಬರ್ತೈತ್ರಿ."

ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರ ಪೆನ್ನು ನಿಂತಿತು. ಪಾಠ ಯೋಜನೆಯಲ್ಲಿ ಇನ್ನೂ ಎರಡು ಹಂತ ಬಾಕಿ. ನಾನು ಯೋಜನೆಯ ಹಾಳೆ ಮಡಚಿಟ್ಟು ಮುಖ್ಯೋಪಾಧ್ಯಾಯರ ಕೋಣೆಗೆ ಓಡಿದೆ. ಅವರು ಹೆಚ್ಚು ಕೇಳಲಿಲ್ಲ. "ಆ ದಂಡಿ ಮಕ್ಕಳನ್ನ ಬಿಡಬ್ಯಾಡ್ರಿ," ಎಂದು ಹೇಳಿ, ಆಚೆ ದಂಡೆಯವರಿಗೆ ಫೋನ್ ಮಾಡತೊಡಗಿದರು.

ನಾನು ತರಗತಿಗೆ ಮರಳಿ, ಯಾರೂ ಹೊರಗೆ ಹೋಗಬಾರದೆಂದು ಮಕ್ಕಳಿಗೆ ಹೇಳಿದೆ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಹಳ್ಳ ಇನ್ನೂ ಮೌನವಾಗಿಯೇ ಇತ್ತು. ಮಾರ್ಗದರ್ಶಕರು ಗಡಿಯಾರ ನೋಡಿದಾಗ ನನಗೆ ನಾಚಿಕೆಯೂ ಆಯಿತು. ಆ ಹುಡುಗಿ ಮಾತ್ರ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಮೊದಲು ನೆಲ ಅದುರಿತು. ಆಮೇಲೆ ಸದ್ದು. ಕೆಂಪು ನೀರು, ಬೇರು ಸಮೇತ ಮರಗಳು. ಸಂಕ ಮುರಿದದ್ದು ಕಾಣಲೇ ಇಲ್ಲ. ಅದು ಇದ್ದ ಜಾಗವಷ್ಟೇ ಕಂಡಿತು.

ಸಂಜೆ ಪಾಲಕರು ರಸ್ತೆಯ ಸುತ್ತುದಾರಿಯಿಂದ ಜೀಪಿನಲ್ಲಿ ಬಂದು ಮಕ್ಕಳನ್ನು ಕರೆದೊಯ್ದರು. ಮಾರ್ಗದರ್ಶಕರು ಹೊರಡುವಾಗ ಹೇಳಿದರು: "ಪಾಠ ಪೂರ್ತಿ ಆಗಲಿಲ್ಲ, ಅದನ್ನ ಬರೀಲೇಬೇಕ್ರಿ. ಆದ್ರ ವಿದ್ಯಾರ್ಥಿ ಮಾತು ಕೇಳೂದು ನಿಮಗ ಬರ್ತೈತಿ. ಅದನ್ನೂ ಬರೀತೇನಿ."

ಉಳಿದ ವಾರಗಳಲ್ಲಿ ಹುಡುಗಿ ಮುಂದಿನ ಬೆಂಚಿಗೆ ಬಂದಳು. ಬೋರ್ಡಿನ ಮೇಲಿನ ನನ್ನ ತಪ್ಪುಗಳನ್ನೂ ತಿದ್ದುತ್ತಿದ್ದಳು. ಅಷ್ಟು ಸಂತೋಷದಿಂದ ನಾನೆಂದೂ ಕಲಿಸಿರಲಿಲ್ಲ. ಆದರೂ ಈಗ, ಕಾಯಂ ಕೆಲಸ ಸಿಕ್ಕಮೇಲೂ, ತರಗತಿಯಲ್ಲಿ ಯಾರಾದರೂ ಅಳುಕುತ್ತ ಎದ್ದುನಿಂತರೆ ಎದೆ ಧಸಕ್ಕೆನ್ನುತ್ತದೆ. "ಕೂಡ್ರು, ಆಮೇಲೆ ಹೇಳು," ಎಂಬ ಮಾತು ಅಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.